ಶಬ್ದ ಪರೀಕ್ಷೆ

ಈ ದೇಶದ ಹಳೆಯ ವೈದ್ಯರು ರೋಗಿಯನ್ನು ಎಂಟು ಬಗೆಯಾಗಿ ಪರೀಕ್ಷಿಸಬೇಕೆಂದು ಹೇಳುತ್ತಿದ್ದರು. ನಾಡಿ, ಮೂತ್ರ, ಮಲ, ನಾಲಗೆ, ಶಬ್ದ, ಸ್ಪರ್ಶ, ಕಣ್ಣು, ಆಕೃತಿ ಎಂಬ ಈ ಅಷ್ಟವಿಧ ಪರೀಕ್ಷೆಯಲ್ಲಿ ಶಬ್ದಕ್ಕೂ ಒಂದು ಸ್ಥಾನವುಂಟು. ಒಳಗಿರುವುದನ್ನು ಒಡೆದು ನೋಡಲಾಗದ ಕಡೆ ಹೊರಗೆ ಬರುವ ದನಿಯಿಂದಲೇ ಒಳಗಿನ ಸ್ಥಿತಿಯನ್ನು ತಿಳಿಯಬೇಕಾಗುವುದು. ಈ ವಿದ್ಯೆ ವೈದ್ಯರ ಸೊತ್ತು ಮಾತ್ರವೇ ಅಲ್ಲ. ಸಂತೆಗೆ ಹೋದ ಗೃಹಿಣಿ ಮಡಕೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಠಣ್ಣೆಂದರೆ ಕೊಳ್ಳುವಳು. ದನಿ ಒಡೆದಿದ್ದರೆ ಮಾತಿಲ್ಲದೆ ಅಲ್ಲಿಯೇ ಇಟ್ಟುಬಿಡುವಳು. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಒಳಗಿನ ನೀರನ್ನು ತಿಳಿಯುವಳು. ಹಲಸಿನ ಕಾಯಿಯನ್ನು ಬಡಿದು ಅದು ಹಣ್ಣಾಯಿತೋ ಇಲ್ಲವೋ ಎಂದು ನಿರ್ಣಯಿಸುವಳು. ಈ ನಿರ್ಣಯಗಳು ಬಹುಮಟ್ಟಿಗೆ ಸರಿಯಾಗಿಯೇ ಇರುವುವು. ಏಕೆಂದರೆ ಮಡಕೆಯನ್ನು ಮಾಡಿದವಳು ಅವಳಲ್ಲ, ಹಲಸನ್ನು ಬೆಳೆದವಳೂ ಅವಳಲ್ಲ. ದನಿ ಹೀಗೆಯೇ ಇರಬೇಕೆಂಬ ಆಸೆಯಾಗಲಿ, ಹಾಗಿದ್ದೀತೆಂಬ ಅಂಜಿಕೆಯಾಗಲಿ ಅವಳ ಕಿವಿಗೆ ಅಂಟಿಕೊಂಡಿರುವುದಿಲ್ಲ.

ಮೋಟಾರು ಗಾಡಿಯ ಎಂಜಿನ್ನಿಗೂ ಇದೇ ಪರೀಕ್ಷೆ ಸಲ್ಲುವುದು. ಅನುಭವಶಾಲಿಯಾದ ಮೆಕ್ಯಾನಿಕ್ಕು ಬಾನೆಟ್ಟನ್ನು ಎತ್ತುವ ಮೊದಲೇ ಅರ್ಧ ರೋಗವನ್ನು ಕಿವಿಯಿಂದ ತಿಳಿದಿರುತ್ತಾನೆ. ಆದರೆ ಗಾಡಿಯ ಒಡೆಯನೇ ಅದನ್ನು ಬಿಚ್ಚಿ, ತನ್ನ ಕೈಯಿಂದಲೇ ಜೋಡಿಸಿ, ತರುವಾಯ ಚಾಲನೆ ಮಾಡಿ ಕಿವಿಗೊಟ್ಟಾಗ ಪರಿಸ್ಥಿತಿ ಬೇರೆಯಾಗುವುದು. ಅಲ್ಲಿ ಅವನು ವೈದ್ಯನೂ ಹೌದು, ಸಾಕ್ಷಿಯೂ ಹೌದು, ಆರೋಪಿಯೂ ಹೌದು. ಮೂರು ಪಾತ್ರಗಳನ್ನು ಒಬ್ಬನೇ ವಹಿಸಿದ ನ್ಯಾಯಸ್ಥಾನದಲ್ಲಿ ತೀರ್ಪು ಹೇಗೆ ಬಂದೀತೆಂಬುದನ್ನು ಯೋಚಿಸತಕ್ಕದ್ದು.

ಬೆಂಗಳೂರಿನ ಉತ್ತರ ಭಾಗದಲ್ಲಿ ಹೀಗೆ ಸ್ವಂತ ಕೈಯಿಂದ ಗಾಡಿಯನ್ನು ದುರಸ್ತಿ ಮಾಡಿಕೊಳ್ಳುವವರು ಇಂದಿಗೂ ಅಲ್ಲಲ್ಲಿ ಕಾಣಸಿಗುವರು. ಇದಕ್ಕೆ ಆ ಪ್ರಾಂತದ ಚರಿತ್ರೆಯೂ ಒಂದು ಕಾರಣವೆನ್ನಬಹುದು. ಯಶವಂತಪುರದಾಚೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯೂ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಸ್ಥಾಪಿತವಾದುವು. ಯಲಹಂಕದಲ್ಲಿ ರೈಲುಗಾಡಿಗಳಿಗೆ ಗಾಲಿಗಳನ್ನೂ ಅಚ್ಚುಗಳನ್ನೂ ಮಾಡುವ ಕಾರ್ಖಾನೆ 1984ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾಯಿತು. ಲೇತಿನ ಮುಂದೆ ಮೂವತ್ತು ವರ್ಷ ನಿಂತವನಿಗೆ ಉಳಿಯ ಮೊನೆ ಮೊಂಡಾದುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುವುದು. ರೈಲ್ವೆ ನಿಲ್ದಾಣಗಳಲ್ಲಿ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟುತ್ತ ಸಾಗುವ ಪರೀಕ್ಷಕರನ್ನು ಹಿಂದಿನ ತಲೆಮಾರಿನವರೆಲ್ಲರೂ ಕಂಡಿದ್ದಾರೆ. ಬಿರುಕಿಲ್ಲದ ಗಾಲಿ ಗಂಟೆಯಂತೆ ನಾದಗೊಡುವುದು, ಬಿರುಕಿದ್ದುದು ಮಂಕಾಗಿ ನುಡಿಯುವುದು. ಇಂಥ ಕಸುಬುಗಳ ನೆರೆಯಲ್ಲಿ ಬಾಳಿದ ಮನೆಗಳಲ್ಲಿ ಸ್ಪ್ಯಾನರಿನ ಪೆಟ್ಟಿಗೆ ದೇವರ ಗೂಡಿನಷ್ಟೇ ಸಹಜವಾದ ಸಾಮಗ್ರಿ.

ಯಲಹಂಕದ ಉಪನಗರದಲ್ಲಿರುವ ಗೃಹಸ್ಥರೊಬ್ಬರು ಈ ಬಗೆಯವರು. ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರಲ್ಲಿ 1998ರಲ್ಲಿ ತಯಾರಾದ ಒಂದು ಮಾರುತಿ 800 ಗಾಡಿ ಇದ್ದಿತು. ಆ ಮಾದರಿ 1983ರ ಕೊನೆಯಲ್ಲಿ ಮೊದಲು ಜನರ ಕೈಸೇರಿ, 2014ರಲ್ಲಿ ತಯಾರಿಕೆ ನಿಂತುಹೋದುದು. ಮೂರು ಸಿಲಿಂಡರು, 796 ಘನ ಸೆಂಟಿಮೀಟರಿನ ಎಂಜಿನ್ನು. ಬಾನೆಟ್ಟನ್ನು ಎತ್ತಿದರೆ ಒಂದೊಂದು ಭಾಗವೂ ಕಣ್ಣಿಗೆ ಕಾಣುವಂತೆ, ಕೈಗೆ ನಿಲುಕುವಂತೆ ಇರುವುದು. ಪುಸ್ತಕವನ್ನು ತೆರೆದಿಟ್ಟುಕೊಂಡು ಕೆಲಸ ಮಾಡಬಲ್ಲವನಿಗೆ ಅದಕ್ಕಿಂತ ಸೌಮ್ಯವಾದ ಯಂತ್ರ ದೊರೆಯದು. ಅವರು ಆ ಗಾಡಿಯ ಎಣ್ಣೆಯನ್ನು ತಾವೇ ಬದಲಿಸುವರು, ಬೆಲ್ಟನ್ನು ತಾವೇ ಬಿಗಿಯುವರು. ಹಣದ ಉಳಿತಾಯ ಇದಕ್ಕೆ ಅರ್ಧ ಕಾರಣ. ತರಗತಿಯಲ್ಲಿ ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಎಂಜಿನ್ನಿನ ಚಿತ್ರ ಕೈಗೆ ಸಿಕ್ಕಿ, ಬಿಸಿಯಾಗಿ, ತಿರುಗುವುದನ್ನು ನೋಡುವ ಸಂತೋಷ ಇನ್ನರ್ಧ.

2016ರ ಬೇಸಿಗೆಯಲ್ಲಿ, ಒಂದು ಗುರುವಾರ, ಅವರು ಆ ಎಂಜಿನ್ನಿನ ಟ್ಯಾಪೆಟ್ಟುಗಳನ್ನು ಸರಿಪಡಿಸಲು ಕೈಹಾಕಿದರು. ಈ ಕೆಲಸವೇನೆಂಬುದನ್ನು ಸ್ವಲ್ಪ ವಿವರಿಸಬೇಕಾಗುವುದು. ಪ್ರತಿಯೊಂದು ಸಿಲಿಂಡರಿಗೂ ಗಾಳಿ ಮತ್ತು ಇಂಧನ ಒಳಬರುವುದಕ್ಕೊಂದು ಕವಾಟ, ಹೊಗೆ ಹೊರಹೋಗುವುದಕ್ಕೊಂದು ಕವಾಟ, ಒಟ್ಟು ಆರು. ಈ ಕವಾಟಗಳನ್ನು ಒತ್ತಿ ತೆರೆಯುವ ತೋಳಿಗೂ ಕವಾಟದ ತುದಿಗೂ ನಡುವೆ ಎಂಜಿನ್ನು ತಣ್ಣಗಿರುವಾಗ ಸುಮಾರು 0.15 ಮಿಲಿಮೀಟರು ಎಡೆಯಿರಬೇಕು. ಎರಡು ಕೂದಲೆಳೆಗಳನ್ನು ಒಂದರ ಮೇಲೊಂದಿಟ್ಟರೆ ಎಷ್ಟೋ, ಹೆಚ್ಚು ಕಡಮೆ ಅಷ್ಟು. ಲೋಹ ಬಿಸಿಯಾದಾಗ ಬೆಳೆಯುವುದರಿಂದ ಅದಕ್ಕೆ ಈ ಅವಕಾಶವನ್ನು ಬಿಟ್ಟಿರುತ್ತಾರೆ. ಎಡೆ ಹೆಚ್ಚಾದರೆ ತೋಳು ಕವಾಟವನ್ನು ಕುಟ್ಟಿ ಟಿಕ್‌ಟಿಕ್ ಎಂಬ ಸದ್ದು ಬರುವುದು. ಎಡೆ ಕಡಮೆಯಾದರೆ ಸದ್ದೇನೂ ಬಾರದು. ಕೇಡು ಮಾತ್ರ ಬರುವುದು. ಆ ಕೇಡಿನ ವಿಚಾರವನ್ನು ಮುಂದೆ ಹೇಳಬೇಕಾಗಿದೆ.

ಗೃಹಸ್ಥರು ಈ ಕೆಲಸವನ್ನು ಪೂಜೆಯ ಶ್ರದ್ಧೆಯಿಂದ ಮಾಡಿದರು. ಎಂಜಿನ್ನನ್ನು ಕೈಯಿಂದ ಹಗುರವಾಗಿ ತಿರುಗಿಸಲು ಅನುಕೂಲವಾಗಲೆಂದು ಮೂರು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಮೇಲಿನ ಮುಚ್ಚಳವನ್ನು ತೆಗೆದು, ಒಂದೊಂದು ಕವಾಟಕ್ಕೂ ಫೀಲರ್ ಗೇಜಿನ ತೆಳ್ಳನೆಯ ಉಕ್ಕಿನ ಎಲೆಯನ್ನು ತೂರಿಸಿ, ತಿರುಪನ್ನು ತಿರುಗಿಸಿ, ನಟ್ಟನ್ನು ಬಿಗಿದು, ಬಿಗಿದ ಮೇಲೆ ಮತ್ತೊಮ್ಮೆ ಅಳೆದರು. ಮೂರು ಗಂಟೆಯ ಕೆಲಸ. ಮುಚ್ಚಳವನ್ನು ಮುಚ್ಚಿ, ಪ್ಲಗ್ಗುಗಳನ್ನು ಬೆರಳಿನಿಂದ ತಿರುಗಿಸಿ ಕೂರಿಸಿ, ಸ್ಪ್ಯಾನರಿನಿಂದ ಬಿಗಿಯತೊಡಗುವಷ್ಟರಲ್ಲಿ ಬೀದಿಗೆ ನೀರಿನ ಟ್ಯಾಂಕರು ಬಂದಿತು. ಬೇಸಿಗೆಯ ಯಲಹಂಕದಲ್ಲಿ ಟ್ಯಾಂಕರು ಯಾರಿಗೂ ಕಾಯುವುದಿಲ್ಲ. ಅವರು ಎದ್ದುಹೋಗಿ ತೊಟ್ಟಿಯನ್ನು ತುಂಬಿಸಿಕೊಂಡು, ಕೈತೊಳೆದು, ಹಿಂದಿರುಗಿ, ಪ್ಲಗ್ಗುಗಳ ತಂತಿಗಳನ್ನು ಸಿಕ್ಕಿಸಿ, ಎಂಜಿನ್ನನ್ನು ಚಾಲನೆ ಮಾಡಿದರು.

ಟಿಕ್, ಟಿಕ್, ಟಿಕ್ ಎಂಬ ಸದ್ದು. ಮೊದಲು ಇಲ್ಲದಿದ್ದ ಸದ್ದು.

ಟ್ಯಾಪೆಟ್ಟನ್ನು ಮುಟ್ಟಿದ ದಿನವೇ ಟ್ಯಾಪೆಟ್ಟಿನಂಥ ಸದ್ದು ಬಂದರೆ ಯಾರಾದರೂ ಏನೆಂದುಕೊಳ್ಳುವರು? ಆರರಲ್ಲಿ ಒಂದು ಸಡಿಲವಾಗಿರಬೇಕೆಂದು ಅವರು ನಿಶ್ಚಯಿಸಿದರು. ಉಪಾಧ್ಯಾಯರಾಗಿದ್ದುದರಿಂದ ನಿಶ್ಚಯಕ್ಕೆ ಕಾರಣಗಳನ್ನೂ ಒದಗಿಸಿಕೊಂಡರು. ಆ ಕಾರಣಗಳು ದುರ್ಬಲವಾದವುಗಳಲ್ಲ. ಎಂಜಿನ್ನಿನ ಸದ್ದುಗಳನ್ನು ವಿಂಗಡಿಸುವುದಕ್ಕೆ ತಾಳವೇ ಮೊದಲನೆಯ ಸಾಧನ. ಕವಾಟಗಳನ್ನು ನಡೆಸುವ ದಂಡ, ಎಂಜಿನ್ನು ಎರಡು ಸುತ್ತು ತಿರುಗುವಾಗ ಒಂದೇ ಸುತ್ತು ತಿರುಗುವುದು. ಎಂಜಿನ್ನು ನಿಮಿಷಕ್ಕೆ 900 ಸುತ್ತು ತಿರುಗುತ್ತಿದ್ದರೆ ಒಂದು ಸಡಿಲವಾದ ಟ್ಯಾಪೆಟ್ಟು 450 ಸಲ ಕುಟ್ಟುವುದು; ಅಂದರೆ ಸೆಕೆಂಡಿಗೆ ಏಳೆಂಟು ಸಲ. ಕೆಳಗಿನ ಮುಖ್ಯ ದಂಡದ ಬಳಿ ಬೇರಿಂಗು ಸವೆದಿದ್ದರೆ ದನಿ ಭಾರವಾಗಿ, ಆಳದಿಂದ ಬರುವುದು. ಎಂಜಿನ್ನು ಬಿಸಿಯಾಗಿ ಎಣ್ಣೆ ತೆಳುವಾದಂತೆ ಅದು ಹೆಚ್ಚುವುದು. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಬಡಿಯುವ ಸದ್ದು ಇದಕ್ಕೆ ವಿರುದ್ಧ. ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಕೇಳಿ, ಬಿಸಿಯಾದಂತೆ ಅಡಗುವುದು. ಬೆಲ್ಟು ಸಡಿಲವಾದರೆ ಕೀರಲು ದನಿ. ಗಾಳಿಯ ಕೊಳವೆ ಕಳಚಿದರೆ ಹಾವಿನ ಬುಸುಗುಟ್ಟುವಿಕೆ. ಏರಿನಲ್ಲಿ ಭಾರವೆಳೆಯುವಾಗ ಮಾತ್ರ ಗಾಜಿನ ಗೋಲಿಗಳನ್ನು ಡಬ್ಬಿಯಲ್ಲಿ ಅಲುಗಿಸಿದಂತಹ ಸದ್ದು ಬಂದರೆ ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುತ್ತಿದೆಯೆಂದು ತಿಳಿಯಬೇಕು. ಗೃಹಸ್ಥರು ಇವೆಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿದರು. ಉಳಿದುದು ಅರ್ಧ ವೇಗದ ತಾಳ. ಆದುದರಿಂದ ಟ್ಯಾಪೆಟ್ಟು.

ತಾಳ ದೊರೆತ ಮೇಲೆ ಸ್ಥಳವನ್ನು ಹುಡುಕಬೇಕು. ಇದಕ್ಕೆ ಅವರು ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಹಳೆಯ ಉಪಾಯವನ್ನು ಹಿಡಿದರು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಸದ್ದು ಲೋಹದ ಮೂಲಕ ಹರಿದುಬರುವುದು. ಈ ಉಪಾಯದ ಬಂಧುಗಳು ವೈದ್ಯಶಾಸ್ತ್ರದಲ್ಲಿಯೂ ಇದ್ದಾರೆ. ವಿಯೆನ್ನದ ಅವೆನ್‌ಬ್ರುಗ್ಗರ್ ಎಂಬ ವೈದ್ಯನು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ರೋಗವನ್ನು ತಿಳಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದನು; ಅವನ ತಂದೆ ಛತ್ರದಂಥ ಒಂದು ಪಾನಗೃಹವನ್ನು ನಡೆಸುತ್ತಿದ್ದವನು, ಪೀಪಾಯಿಗಳನ್ನು ತಟ್ಟಿ ದ್ರಾಕ್ಷಾರಸದ ಮಟ್ಟವನ್ನು ತಿಳಿಯುವ ರೂಢಿ ಅಲ್ಲಿದ್ದಿತು. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬಾತನು ಕಾಗದವನ್ನು ಕೊಳವೆಯಂತೆ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದನು. ಅದೇ ಇಂದಿನ ಸ್ಟೆತಾಸ್ಕೋಪಿನ ಮೂಲ. ಒಬ್ಬನದು ತಟ್ಟಿ ಕೇಳುವ ವಿದ್ಯೆ, ಇನ್ನೊಬ್ಬನದು ಕೊಳವೆಯಿಂದ ಕೇಳುವ ವಿದ್ಯೆ. ಎರಡೂ ಬೇರೆ ಬೇರೆ ಸಂಗತಿಗಳನ್ನು ಹೇಳುವುವು.

ಈ ಭೇದವೇ ಇಲ್ಲಿ ಮುಖ್ಯವಾದುದು. ಲೋಹಕ್ಕೆ ಲೋಹ ತಾಗಿ ಹುಟ್ಟಿದ ಸದ್ದನ್ನು ಉಕ್ಕಿನ ಸರಳು ಚೆನ್ನಾಗಿ ಹೊತ್ತು ತರುವುದು. ಸಂದಿಯಿಂದ ಹಾರಿಬರುವ ಗಾಳಿಯ ಸದ್ದನ್ನು ಅದು ಅಷ್ಟಾಗಿ ತಾರದು. ಅದಕ್ಕೆ ಒಂದು ಮೊಳ ರಬ್ಬರು ಕೊಳವೆ ಬೇಕು. ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ನಿನ ಸುತ್ತ ನಿಧಾನವಾಗಿ ಓಡಿಸಿದರೆ ಸೋರುವ ಜಾಗದಲ್ಲಿ ಸದ್ದು ಒಮ್ಮೆಲೆ ಏರುವುದು. ಗೃಹಸ್ಥರು ಟ್ಯಾಪೆಟ್ಟಿನ ಸದ್ದನ್ನು ಹುಡುಕುತ್ತಿದ್ದರು. ಆದುದರಿಂದ ಸರಳನ್ನು ಹಿಡಿದರು. ಸರಳು ಟ್ಯಾಪೆಟ್ಟಿನ ಸದ್ದನ್ನೇ ತಂದುಕೊಟ್ಟಿತು. ಆರೋಗ್ಯವಾಗಿರುವ ಟ್ಯಾಪೆಟ್ಟಿನಲ್ಲಿಯೂ ಅಷ್ಟಿಷ್ಟು ಸದ್ದು ಇದ್ದೇ ಇರುವುದು. ಕಿವಿಯನ್ನು ಅದಕ್ಕೇ ಹಚ್ಚಿ ಕುಳಿತರೆ ಅದು ದೊಡ್ಡದಾಗಿಯೇ ಕೇಳುವುದು. ಹೀಗೆ ಪ್ರಶ್ನೆಯನ್ನು ಕೇಳುವ ಮೊದಲೇ ಉತ್ತರಕ್ಕೆ ತಕ್ಕ ಉಪಕರಣವನ್ನು ಆರಿಸಿಕೊಂಡಂತಾಯಿತು. ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ, ಆದುದರಿಂದ ಕಿವಿ ಎಲ್ಲವನ್ನೂ ಕೇಳುವುದೆಂದು ಜನರು ಭಾವಿಸುತ್ತಾರೆ. ಕಿವಿಯೂ ಮನಸ್ಸಿನ ಬೆನ್ನು ಹಿಡಿದೇ ಹೋಗುವುದು.

ಶುಕ್ರವಾರ ಮುಚ್ಚಳವನ್ನು ಮತ್ತೆ ತೆಗೆದು ಆರು ಕವಾಟಗಳನ್ನೂ ಅಳೆದರು; ಎಲ್ಲವೂ ಸರಿಯಾಗಿದ್ದುವು. ಆದರೂ ಸದ್ದು ನಿಲ್ಲಲಿಲ್ಲ. ಹಗಲಿನಲ್ಲಿ ಬಳ್ಳಾರಿ ರಸ್ತೆಯ ಗದ್ದಲವೂ ವಾಯುನೆಲೆಯಿಂದ ಏಳುವ ವಿಮಾನಗಳ ಅಬ್ಬರವೂ ಕಿವಿಯನ್ನು ಮೋಸಗೊಳಿಸುತ್ತಿರಬಹುದೆಂದು ಎಣಿಸಿ, ಶನಿವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕೇಳಿದರು. ಆಗಲೂ ಟಿಕ್‌ಟಿಕ್.

ಆ ದಿನ ಅವರು ಪತ್ನಿಯನ್ನು ಕೂರಿಸಿಕೊಂಡು ಹೆಬ್ಬಾಳದವರೆಗೆ ಹೋಗಿಬಂದರು. 2003ರಲ್ಲಿ ಸಂಚಾರಕ್ಕೆ ತೆರೆದ ಆ ಮೇಲುಸೇತುವೆಯ ಏರನ್ನು ಗಾಡಿ ಹತ್ತುವಾಗ ಆಕೆ ಹೇಳಿದರು: “ರೀ, ಹತ್ತುವಾಗ ಸದ್ದು ಜಾಸ್ತಿ ಆಗುತ್ತೆ. ಇಳಿಯುವಾಗ ಇಲ್ಲವೇ ಇಲ್ಲ ಅನ್ನೋ ಹಾಗಿದೆ.”

“ಎಂಜಿನ್ ಎಲ್ಲವೂ ಹತ್ತುವಾಗ ಜಾಸ್ತಿ ಸದ್ದು ಮಾಡುತ್ತೆ,” ಎಂದು ಅವರು ಉತ್ತರ ಕೊಟ್ಟರು.

“ಎಂಜಿನ್ ಸದ್ದಲ್ಲ ನಾನು ಹೇಳಿದ್ದು. ಆ ಟಿಕ್‌ಟಿಕ್.”

ಆಕೆಯ ಮಾತಿನಲ್ಲಿ ರೋಗದ ಹೆಸರೇ ಇದ್ದಿತು. ಟ್ಯಾಪೆಟ್ಟಿನ ಸದ್ದು ಎಂಜಿನ್ನಿನ ವೇಗವನ್ನು ಅನುಸರಿಸುವುದು. ಗಾಡಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅದು ಅಷ್ಟಾಗಿ ಲೆಕ್ಕಿಸದು. ಸಿಲಿಂಡರಿನೊಳಗಿನ ಒತ್ತಡ ಸೋರುತ್ತಿದ್ದರೆ ಮಾತ್ರ, ಭಾರವೆಳೆಯುವಾಗ ಒತ್ತಡ ಹೆಚ್ಚಿ ಸದ್ದೂ ಹೆಚ್ಚುವುದು, ಇಳಿಜಾರಿನಲ್ಲಿ ಅಡಗುವುದು. ಮಡಕೆಯನ್ನು ಮಾಡದೆ ಕೊಳ್ಳುವವಳ ಕಿವಿ ಅದು. ಅದನ್ನು ಅವರು ಕೇಳಿಸಿಕೊಂಡರು, ಆದರೆ ಲೆಕ್ಕಕ್ಕೆ ಹಿಡಿಯಲಿಲ್ಲ.

ಲೆಕ್ಕಕ್ಕೆ ಹಿಡಿಯದಿರುವುದಕ್ಕೆ ಅವಸರವೂ ಕಾರಣವಾಗಿದ್ದಿತು. ಆಕೆಯ ತಾಯಿಗೆ ಮೂತ್ರಪಿಂಡದ ಕಾಯಿಲೆ. ರಕ್ತವನ್ನು ಯಂತ್ರದ ಮೂಲಕ ಶುದ್ಧಿ ಮಾಡಿಸಲು ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಆಸ್ಪತ್ರೆಗೆ ಕರೆದೊಯ್ಯಬೇಕು. ಹಿಂದಿನ ಗುರುವಾರ ಮಗ ಕರೆದೊಯ್ದಿದ್ದನು. ಸೋಮವಾರ ಅವನು ಊರಿನಲ್ಲಿರುವಂತಿರಲಿಲ್ಲ. ಬೆಳಗ್ಗೆ ಆರು ಗಂಟೆಗೆ ಹಾಸಿಗೆ ಗೊತ್ತಾಗಿತ್ತು. ಬಾಡಿಗೆಯ ಕಾರು ತರಿಸಬಹುದೆಂದು ಪತ್ನಿ ಹೇಳಿದರು. ಅವರಿಗೆ ಅದು ತಮ್ಮ ಕೈಕೆಲಸಕ್ಕೆ ಹಾಕಿದ ಸೊನ್ನೆಯಂತೆ ಕೇಳಿಸಿತು. ಆ ಸಂಜೆ ಅವರ ಮನಸ್ಸಿನಲ್ಲಿ ಒಂದು ಉಪಾಯ ಹುಟ್ಟಿತು. ಎಡೆ ಸರಿಯಾಗಿದ್ದರೂ ಸದ್ದು ಬರುತ್ತಿದ್ದರೆ ಎಡೆಯನ್ನು ಇನ್ನೊಂದು ಕೂದಲಿನಷ್ಟು ಕಡಮೆ ಮಾಡಿದರಾಯಿತು. ಸದ್ದು ಅಡಗಿಯೇ ತೀರಬೇಕು.

ಇದು ಮನೆಯಲ್ಲಿ ದುರಸ್ತಿ ಮಾಡುವವರೆಲ್ಲರ ಮುಂದೆಯೂ ಒಂದಲ್ಲ ಒಂದು ಸಲ ಬಂದು ನಿಲ್ಲುವ ಪ್ರಲೋಭನೆ. ಇದರ ಫಲವನ್ನು ತಿಳಿದಿರಬೇಕು. ಹೊಗೆಯನ್ನು ಹೊರಬಿಡುವ ಕವಾಟ ಉರಿಯ ಮಧ್ಯದಲ್ಲಿರುವುದು. ಅದು ತನ್ನ ತಾಪವನ್ನು ಕಳೆದುಕೊಳ್ಳುವುದು ಮುಖ್ಯವಾಗಿ ತನ್ನ ಪೀಠದ ಮೇಲೆ ಗಟ್ಟಿಯಾಗಿ ಕುಳಿತ ಕ್ಷಣಗಳಲ್ಲಿ. ಎಡೆಯಿಲ್ಲದಂತೆ ಬಿಗಿದರೆ, ಬಿಸಿಯಲ್ಲಿ ಬೆಳೆದ ಕವಾಟ ಪೀಠದ ಮೇಲೆ ಪೂರ್ತಿ ಕೂರಲಾರದು. ಸಂದಿಯಲ್ಲಿ ಉರಿ ನುಗ್ಗಿ ಅದರ ಅಂಚು ಸುಟ್ಟು ಹರಿಯುವುದು. ಇಷ್ಟೆಲ್ಲ ನಡೆಯುವವರೆಗೆ ಎಂಜಿನ್ನು ಇನಿಯ ದನಿಯಿಂದಲೇ ಓಡುತ್ತಿರುವುದು. ಕೂಗುವ ಮಗುವಿನ ಬಾಯಿಗೆ ಕೈಯಡ್ಡ ಹಿಡಿದರೆ ಹೊಟ್ಟೆನೋವು ಗುಣವಾದಂತಾಯಿತೇ? ದುರಸ್ತಿಯ ಗುರಿ ಮೌನವೆಂದು ತಿಳಿದವನು ಎಂಜಿನ್ನನ್ನು ಕೆಡಿಸುವುದಕ್ಕೆ ಸಿದ್ಧನಾದವನೇ ಸರಿ.

ಅವರು ಸ್ಪ್ಯಾನರನ್ನು ಕೈಗೆ ತೆಗೆದುಕೊಂಡುದನ್ನು ಕಂಡು ಪತ್ನಿ ಕೇಳಿದರು: “ಈಗ ಏನು ಮಾಡ್ತೀರಿ?”

“ಸದ್ದು ನಿಲ್ಲಿಸ್ತೀನಿ.”

“ಅಳತೆ ಸರಿ ಇದೆ ಅಂದ್ರಲ್ಲ ನಿನ್ನೆ?”

ಅವರು ಉತ್ತರ ಕೊಡಲಿಲ್ಲ. ಆದರೆ ಸ್ಪ್ಯಾನರನ್ನು ಪೆಟ್ಟಿಗೆಯಲ್ಲಿಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದುದೇ ಅದು: ಬೇಕಾದ ಫಲ ಬರಲೆಂದು ಅಳತೆಯನ್ನು ತಿದ್ದಬಾರದು.

ಭಾನುವಾರ ಬೆಳಗ್ಗೆ ಅವರು ಗಾಡಿಯನ್ನು ನಿಧಾನವಾಗಿ ರವೀಂದ್ರನಾಥ ಠಾಕೂರ್ ನಗರಕ್ಕೆ, ಎಂದರೆ ಎಲ್ಲರೂ ಆರ್.ಟಿ. ನಗರವೆನ್ನುವ ಬಡಾವಣೆಗೆ, ತೆಗೆದುಕೊಂಡು ಹೋದರು. ಅಲ್ಲಿಯ ಒಂದು ಅಡ್ಡರಸ್ತೆಯ ಚಿಕ್ಕ ಗ್ಯಾರೇಜಿನಲ್ಲಿ ವಯಸ್ಸಾದ ಮೆಕ್ಯಾನಿಕ್ಕೊಬ್ಬನು ರಜೆಯ ದಿನವೂ ಕುಳಿತಿರುತ್ತಿದ್ದನು. ಗೃಹಸ್ಥರು ತಮ್ಮ ಪರೀಕ್ಷೆಗಳನ್ನೆಲ್ಲ ಕ್ರಮವಾಗಿ ವಿವರಿಸಿದರು: ಅರ್ಧ ವೇಗದ ತಾಳ, ಸ್ಕ್ರೂಡ್ರೈವರಿನ ಸಾಕ್ಷಿ, ಎರಡು ಸಲದ ಅಳತೆ. ಆತನು ಎಂಜಿನ್ನನ್ನು ಕೇಳಲು ಮುಂದೆ ಬರಲಿಲ್ಲ. ಕುಳಿತಲ್ಲಿಂದಲೇ ಕೇಳಿದನು:

“ಟ್ಯಾಪೆಟ್ ಇರಲಿ ಸಾರ್. ಅದಕ್ಕೆ ಮುಂಚೆ ಏನೇನು ಬಿಚ್ಚಿದ್ರಿ?”

“ಮುಚ್ಚಳ ಬಿಚ್ಚಿದೆ.”

“ಅದಕ್ಕೂ ಮುಂಚೆ?”

“ಅದಕ್ಕೂ ಮುಂಚೆ ಏನಿಲ್ಲಪ್ಪ. ಎಂಜಿನ್ ತಿರುಗಲಿ ಅಂತ ಪ್ಲಗ್ ತೆಗೆದಿದ್ದೆ, ಅಷ್ಟೇ.”

“ಅಷ್ಟೇ” ಎಂಬ ಆ ಮಾತಿಗೆ ಆತನು ಎದ್ದನು. ಒಂದು ಹಳೆಯ ಕುಂಚವನ್ನು ಎಣ್ಣೆಯಲ್ಲಿ ಅದ್ದಿ, ಓಡುತ್ತಿರುವ ಎಂಜಿನ್ನಿನ ಮೂರು ಪ್ಲಗ್ಗುಗಳ ಬುಡಕ್ಕೂ ಸವರಿದನು. ಮೊದಲನೆಯದರಲ್ಲಿ ಎಣ್ಣೆ ಸುಮ್ಮನೆ ನಿಂತಿತು, ಮೂರನೆಯದರಲ್ಲಿಯೂ ನಿಂತಿತು. ನಡುವಿನದರ ಬುಡದಲ್ಲಿ, ಟಿಕ್ಕೆಂಬ ಒಂದೊಂದು ಸದ್ದಿಗೂ ಒಂದೊಂದು ಗುಳ್ಳೆ ಎದ್ದು ಒಡೆಯುತ್ತಿದ್ದಿತು. ಎಂಜಿನ್ನನ್ನು ನಿಲ್ಲಿಸಿ, ಅದು ಆರುವವರೆಗೆ ಚಹ ತರಿಸಿ, ಆಮೇಲೆ ಆ ಪ್ಲಗ್ಗನ್ನು ಸ್ಪ್ಯಾನರಿಗೆ ಕೊಟ್ಟಾಗ ಅದು ತಡೆಯಿಲ್ಲದೆ ತಿರುಗಿತು. ಟ್ಯಾಂಕರು ಬಂದಾಗ ಬೆರಳಿನಿಂದ ಕೂರಿಸಿದ್ದ ಆ ಒಂದು ಪ್ಲಗ್ಗು ಸ್ಪ್ಯಾನರನ್ನು ಕಂಡೇ ಇರಲಿಲ್ಲ. ಸಿಲಿಂಡರು ಎರಡು ಸುತ್ತಿಗೊಮ್ಮೆ ಗಾಳಿಯನ್ನು ಅದುಮಿ ಉರಿಸುವುದರಿಂದ ಸೋರುವಿಕೆಗೂ ಟ್ಯಾಪೆಟ್ಟಿಗೂ ತಾಳ ಒಂದೇ. ತಾಳ ಸುಳ್ಳು ಹೇಳಿರಲಿಲ್ಲ. ಇಬ್ಬರಿಗೆ ಸಲ್ಲುವ ಸಾಕ್ಷ್ಯವನ್ನು ಒಬ್ಬನ ಮೇಲೆಯೇ ಹೊರಿಸಲಾಗಿದ್ದಿತು.

ಇದು ಕ್ಷುಲ್ಲಕವಾದ ತಪ್ಪೆಂದು ತೋರಬಹುದು. ಆದರೆ ಆ ಎಂಜಿನ್ನಿನ ಮೇಲ್ಭಾಗ ಅಲ್ಯುಮಿನಿಯಮ್ಮಿನದು. ಸಡಿಲವಾದ ಪ್ಲಗ್ಗು ತಾಪವನ್ನು ಬಿಟ್ಟುಕೊಡಲಾರದೆ ಕಾಯುವುದು, ಅಲುಗಿ ಅಲುಗಿ ತನ್ನ ಮರೆಗಳನ್ನು ಸವೆಸುವುದು, ಕೊನೆಗೆ ಮರೆಗಳನ್ನು ಕಿತ್ತುಕೊಂಡು ಹೊರಕ್ಕೆ ಹಾರಲೂಬಹುದು. ಸೋಮವಾರ ಬೆಳಗ್ಗೆ, ರೋಗಿಯನ್ನು ಹಿಂದೆ ಮಲಗಿಸಿಕೊಂಡು ಮೇಲುಸೇತುವೆಯ ಏರಿನಲ್ಲಿ ಹೋಗುತ್ತಿರುವಾಗ ಹಾಗಾಗಿದ್ದರೆ ಏನು ಗತಿಯೆಂಬುದನ್ನು ಗೃಹಸ್ಥರು ಆ ಚಹ ಕುಡಿಯುವಾಗಲೇ ಯೋಚಿಸಿದ್ದರೆಂದು ತೋರುತ್ತದೆ. ಲೋಟ ಅರ್ಧಕ್ಕೆ ಉಳಿದಿದ್ದಿತು.

ಈ ಸಂಗತಿಯಲ್ಲಿ ವಿಚಾರ ಮಾಡತಕ್ಕ ಅಂಶವೊಂದುಂಟು. ಅವರು ತಪ್ಪಿದುದು ಕಷ್ಟವಾದ ಕೆಲಸದಲ್ಲಿ ಅಲ್ಲ. ಎರಡು ಕೂದಲೆಳೆಯ ಎಡೆಯನ್ನು ಆರು ಕಡೆಯೂ ತಪ್ಪಿಲ್ಲದೆ ಹೊಂದಿಸಿದ್ದರು. ತಪ್ಪಿದುದು ಅವರು ಕೆಲಸವೆಂದೇ ಎಣಿಸದಿದ್ದ ಕೆಲಸದಲ್ಲಿ. ಭಯವಿದ್ದ ಕಡೆ ಎಚ್ಚರವಿದ್ದಿತು. ಎಚ್ಚರವಿದ್ದ ಕಡೆ ತಪ್ಪು ನುಸುಳಲಿಲ್ಲ. ಆದರೆ ಸದ್ದು ಬಂದಾಗ ಮನಸ್ಸು ಓಡಿದುದು ಮತ್ತೆ ಆ ಭಯದ ಕಡೆಗೇ. ಅಚ್ಚಿನ ಕರಡನ್ನು ತಿದ್ದುವವರು ಇದನ್ನು ಬಲ್ಲರು. ಗ್ರಂಥದೊಳಗಿನ ಸಂಸ್ಕೃತ ಶ್ಲೋಕಗಳನ್ನು ಅಕ್ಷರಕ್ಕಕ್ಷರ ತಿದ್ದಿ, ಮುಖಪುಟದ ದೊಡ್ಡ ಅಕ್ಷರಗಳಲ್ಲಿ ಒತ್ತನ್ನು ಬಿಟ್ಟುಬಿಡುವರು. ಹೋಳಿಗೆಯ ಹದದಲ್ಲಿ ಜೀವವಿಟ್ಟಿದ್ದ ಗೃಹಿಣಿ ಅಂದಿನ ಸಾರಿಗೆ ಉಪ್ಪು ಹಾಕಲು ಮರೆಯುವಳು. ಆದುದರಿಂದ, ದೋಷವನ್ನು ಹುಡುಕುವವನು ತಾನು ಎಲ್ಲಿ ಅಂಜಿದ್ದೆನೆಂದು ಕೇಳಿಕೊಂಡರೆ ಸಾಲದು. ಎಲ್ಲಿ “ಅಷ್ಟೇ” ಎಂದುಕೊಂಡಿದ್ದೆನೆಂದು ಕೇಳಿಕೊಳ್ಳಬೇಕು.

ಹಳೆಯ ವೈದ್ಯರಿಗೆ ಇದು ತಿಳಿದಿದ್ದಿತೆಂದು ಹೇಳಬೇಕು. ಎಂಟು ಬಗೆಯ ಪರೀಕ್ಷೆಯಲ್ಲದೆ ಅವರಲ್ಲಿ ಮೂರು ಬಗೆಯ ಪರೀಕ್ಷೆಯೂ ಒಂದುಂಟು: ದರ್ಶನ, ಸ್ಪರ್ಶನ, ಪ್ರಶ್ನ. ಈ ಮೂರರಲ್ಲಿ ಶಬ್ದದ ಹೆಸರಿಲ್ಲ, ಪ್ರಶ್ನೆಗೆ ಹೆಸರುಂಟು. ಏನು ತಿಂದೆ, ಯಾವಾಗ ಶುರುವಾಯಿತು, ಅದಕ್ಕೆ ಮೊದಲು ಏನು ಮಾಡಿದೆ ಎಂದು ಕೇಳಿದ ಮೇಲೆ ಮಿಕ್ಕ ಪರೀಕ್ಷೆಗಳಿಗೆ ಅರ್ಥ ಬರುವುದು. ಆರ್.ಟಿ. ನಗರದ ಮೆಕ್ಯಾನಿಕ್ಕು ಕಿವಿಯನ್ನು ಉಪಯೋಗಿಸುವ ಮೊದಲು ಬಾಯನ್ನು ಉಪಯೋಗಿಸಿದನು.

ಮನೆಯಲ್ಲಿಯೇ ದುರಸ್ತಿ ಮಾಡುವವರು ಇದರಿಂದ ಕೆಲವು ನಿಯಮಗಳನ್ನು ತೆಗೆದುಕೊಳ್ಳಬಹುದು. ಬಿಚ್ಚುವಾಗಲೇ ಪ್ರತಿಯೊಂದನ್ನೂ, ಅತ್ಯಲ್ಪವಾದುದನ್ನೂ, ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ಮುಚ್ಚುವಾಗ ಒಂದೊಂದಕ್ಕೂ ಗುರುತು ಹಾಕತಕ್ಕದ್ದು. ನಡುವೆ ಎದ್ದುಹೋಗಬೇಕಾದರೆ ನಿಲ್ಲಿಸಿದ ಸ್ಥಳವನ್ನು ಬರೆದೇ ಏಳತಕ್ಕದ್ದು. ಹೊಸ ಸದ್ದು ಬಂದರೆ ಮೊದಲು ಪಟ್ಟಿಯನ್ನು ಓದಿ, ಕೊನೆಯಲ್ಲಿ ಮುಟ್ಟಿದುದರಿಂದ ಹಿಂದಕ್ಕೆ ಬರುತ್ತ, ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸತಕ್ಕದ್ದು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಏತರಿಂದ ಗುಣವಾಯಿತೆಂದು ತಿಳಿಯದು. ಲೋಹದ ಸದ್ದಿಗೆ ಸರಳು, ಗಾಳಿಯ ಸದ್ದಿಗೆ ಕೊಳವೆ. ಎರಡನ್ನೂ ಉಪಯೋಗಿಸುವಾಗ ತಿರುಗುವ ಬೆಲ್ಟಿನಿಂದಲೂ ಫ್ಯಾನಿನಿಂದಲೂ ಬಟ್ಟೆ ಕೈಗಳನ್ನು ದೂರವಿಡಬೇಕು. ಕೆಲಸದಲ್ಲಿ ಪಾಲಿಲ್ಲದ ಇನ್ನೊಂದು ಜೊತೆ ಕಿವಿಯನ್ನು ಕೂರಿಸಿಕೊಂಡು, ಅದು ಹೇಳಿದ್ದಕ್ಕೆ ಎದುರಾಡದೆ ಬರೆದುಕೊಳ್ಳಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆಳದಿಂದ ಭಾರವಾ‍ದ ಬಡಿತ ಕೇಳಿದರೆ, ಅಥವಾ ಎಣ್ಣೆಯ ಕೆಂಪು ದೀಪ ಹೊತ್ತಿದರೆ, ಪರೀಕ್ಷೆಯ ಮಾತೇ ಇಲ್ಲ. ಎಂಜಿನ್ನನ್ನು ಆ ಕ್ಷಣವೇ ನಿಲ್ಲಿಸಿ ಗಾಡಿಯನ್ನು ಎಳೆಸಿಕೊಂಡು ಹೋಗತಕ್ಕದ್ದು. ಆ ಸದ್ದನ್ನು ಇನ್ನಷ್ಟು ಕೇಳಿ ತಿಳಿಯುವೆನೆಂದವನಿಗೆ ತಿಳಿಯುವುದರೊಳಗೆ ಎಂಜಿನ್ನು ಉಳಿಯದು.

ಈಗಿನ ಹೊಸ ಗಾಡಿಗಳಲ್ಲಿ ಅನೇಕಕ್ಕೆ ಟ್ಯಾಪೆಟ್ಟಿನ ಎಡೆಯನ್ನು ಕೈಯಿಂದ ಹೊಂದಿಸುವ ಗೋಜಿಲ್ಲ. ಎಣ್ಣೆಯ ಒತ್ತಡವೇ ಅದನ್ನು ಸರಿದೂಗಿಸುವುದು. ಸಿಲಿಂಡರು ಉರಿಯದೆ ತಪ್ಪಿದರೆ ಗಾಡಿಯೊಳಗಿನ ಕಂಪ್ಯೂಟರು ಅದನ್ನು ಸಂಕೇತದಲ್ಲಿ ಬರೆದಿಡುವುದು. ವಿದ್ಯುತ್ತಿನಿಂದ ಓಡುವ ಗಾಡಿಗಳಲ್ಲಿ ಕವಾಟವೂ ಇಲ್ಲ, ಪ್ಲಗ್ಗೂ ಇಲ್ಲ. ಆದರೂ ಯಾವ ಸಂಕೇತವೂ ಎರಡನೆಯ ಸಿಲಿಂಡರಿನಲ್ಲಿ ದೋಷವಿದೆಯೆಂದು ಹೇಳೀತೇ ಹೊರತು, ಗುರುವಾರ ಹನ್ನೊಂದು ಗಂಟೆಗೆ ನೀರಿನ ಟ್ಯಾಂಕರು ಬಂದಿತ್ತೆಂದು ಹೇಳಲಾರದು. ಅದನ್ನು ಮನುಷ್ಯನನ್ನೇ ಕೇಳಬೇಕು.

ಮೆಕ್ಯಾನಿಕ್ಕು ಅಂದು ಹಣ ತೆಗೆದುಕೊಳ್ಳಲಿಲ್ಲ. ಚಹಕ್ಕೆ ಗೃಹಸ್ಥರೇ ಕೊಟ್ಟಿದ್ದರು. ಹೊರಡುವಾಗ ಎಂಜಿನ್ನಿನಲ್ಲಿ ಇನ್ನೂ ಸಣ್ಣದೊಂದು ಟಿಕ್‌ಟಿಕ್ ಉಳಿದಿದ್ದುದನ್ನು ಅವರು ತೋರಿಸಿದರು. “ಅದು ಟ್ಯಾಪೆಟ್ ಸಾರ್. ಅಷ್ಟು ಇರಬೇಕು, ಬಿಟ್ಟುಬಿಡಿ” ಎಂದನು. ಸೋಮವಾರ ಐದೂವರೆಗೆ ಗಾಡಿ ಯಲಹಂಕವನ್ನು ಬಿಟ್ಟು, ಆರಕ್ಕೆ ಮೊದಲೇ ಆಸ್ಪತ್ರೆಯ ಬಾಗಿಲಿನಲ್ಲಿ ನಿಂತಿತು. ದಾರಿಯಲ್ಲಿ ಮುದುಕಿಗೆ ನಿದ್ದೆ ಹತ್ತಿದ್ದಿತು.